ತಂಗಿಯ ಉಡಿಗೆ ಹಾಕಿದ ಕೊಬ್ಬರಿ

ಹಾವೇರಿಯಲ್ಲಿ ರೊಟ್ಟಿ ಪುಷ್ಪಕ್ಕನ ಮನೆ ಎಲ್ಲಿ ಎಂದು ಕೇಳಿದರೆ ಯಾರಾದರೂ ತೋರಿಸುತ್ತಾರೆ. ಅವಳು ಬಡಿದ ಖಡಕ್ ರೊಟ್ಟಿ ಮದುವೆಮನೆಗೂ ಹೋಗುತ್ತದೆ, ಕೋರ್ಟಿನ ವಕೀಲರ ಡಬ್ಬಿಗೂ ಹೋಗುತ್ತದೆ. ಆದರೆ ರೊಟ್ಟಿ ಬಡಿಯುವಾಗ ಅವಳ ಕಣ್ಣು ಎಲ್ಲಿರುತ್ತದೆ ಎಂಬುದು ಓಣಿಯವರಿಗೆ ಗೊತ್ತಿಲ್ಲ. ಹಿಟ್ಟಿನ ಡಬ್ಬಿಗೆ ಆನಿಸಿಟ್ಟ ಫೋನಿನಲ್ಲಿ ಇರುತ್ತದೆ. ಆ ಫೋನಿನೊಳಗೆ ಹಸಿರು ಬಣ್ಣದ ಸಮುದ್ರ, ನಡುವೆ ತೆಂಗಿನ ಮರಗಳ ಒಂದು ತುಣುಕು ನೆಲ. ಕೈ ತನ್ನ ಪಾಡಿಗೆ ಬಡಿಯುತ್ತದೆ, ರೊಟ್ಟಿ ತನ್ನ ಪಾಡಿಗೆ ದುಂಡಗಾಗುತ್ತದೆ, ಪುಷ್ಪಾವತಿ ಮಾತ್ರ ಲಕ್ಷದ್ವೀಪದಲ್ಲಿರುತ್ತಾಳೆ.

ಹುಟ್ಟಿದ್ದು ಗುತ್ತಲದ ಹತ್ತಿರದ ಹೊಳೆದಂಡೆಯ ಹಳ್ಳಿಯಲ್ಲಿ. ಬೇಸಿಗೆಯಲ್ಲಿ ತುಂಗಭದ್ರೆ ಇಳಿದಾಗ ನಡುಹೊಳೆಯಲ್ಲಿ ಮರಳಿನ ದಿಬ್ಬವೊಂದು ಏಳುತ್ತಿತ್ತು. ಅದರ ಮೇಲೆ ಕೂತು ನಾಲ್ಕೂ ಕಡೆ ನೀರು ನೋಡಬೇಕೆಂಬುದು ಹುಡುಗಿಯ ಹಠ. ಲಂಗ ಎತ್ತಿ ಕಟ್ಟಿಕೊಂಡು ಇಳಿದೇಬಿಡುವಳು, ಅಪ್ಪ ಬೈಯುತ್ತ ಬಂದು ರಟ್ಟೆ ಹಿಡಿದು ಎಳೆದೊಯ್ಯುವನು. ತಂಗಿ ಶ್ರೀದೇವಿಗೆ ನೀರೆಂದರೆ ಜೀವಭಯ. ದಂಡೆಯ ಮೇಲೆ ಅಕ್ಕನ ಚಪ್ಪಲಿ ಕಾಯುತ್ತ ಕೂತಿರುತ್ತಿದ್ದಳು. ಈ ಚಪ್ಪಲಿಯ ಮಾತು ನೆನಪಿಟ್ಟುಕೊಳ್ಳಿ. ಪುಷ್ಪಾವತಿಯಂತೂ ಅದನ್ನು ಮರೆತವಳಲ್ಲ.

ದೊಡ್ಡವರಾದ ಮೇಲೆ ಶ್ರೀದೇವಿಯನ್ನು ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ ಶಶಿಕಾಂತನಿಗೆ ಕೊಟ್ಟರು, ಪುಷ್ಪಾವತಿಯನ್ನು ಹಾವೇರಿಯ ಟೇಲರ್ ಮಾಲತೇಶನಿಗೆ. ಮಾಲತೇಶ ಒಳ್ಳೆಯವನು. ದುಡಿಯುತ್ತಾನೆ, ಎದುರು ಮಾತಾಡುವವನಲ್ಲ. ಆದರೆ ಬಸ್ಸು ಹತ್ತಿದನೆಂದರೆ ಹೊಟ್ಟೆ ತೊಳಸುತ್ತದೆ. ಅಸ್ತರದ ಬಟ್ಟೆ ತರಲು ರಾಣೆಬೆನ್ನೂರಿಗೆ ಹೊರಟರೂ ಮೂಗಿಗೆ ಲಿಂಬೆಹಣ್ಣು ಹಿಡಿದೇ ಕೂರಬೇಕು. ಅಷ್ಟಾದರೂ ದಾರಿಯಲ್ಲಿ ಕಂಡಕ್ಟರನ ಕೈಕಾಲು ಹಿಡಿದು ಬಸ್ಸು ನಿಲ್ಲಿಸುವುದು ತಪ್ಪುವುದಿಲ್ಲ. ಅಂಥವನ ಮುಂದೆ ಒಮ್ಮೆ ಊಟವಾದ ಮೇಲೆ ಪುಷ್ಪಾವತಿ, "ಲಕ್ಷದ್ವೀಪಕ್ಕ ಹೋಗೋಣೇನ್ರಿ? ಹಡಗಿನಾಗ?" ಅಂದಳು.

"ಹಡಗ ಅಂತ ಹೆಸರ ತಗೀಬ್ಯಾಡ ತಾಯಿ, ಈಗಷ್ಟ ಉಂಡೇನಿ" ಎಂದು ಮಾಲತೇಶ ಬಾಯಿ ಮುಚ್ಚಿಕೊಂಡು ಎದ್ದು ಹೋದ.

ಅಲ್ಲಿಗೆ ಆ ಮಾತು ಮುಗಿಯಿತು. ನೀನೊಬ್ಬಳೇ ಹೋಗಿ ಬಾ ಎಂದು ಯಾರೂ ಅನ್ನಲಿಲ್ಲ, ಅವಳೂ ಕೇಳಲಿಲ್ಲ.

ಆದರೆ ಮನಸ್ಸಿಗೆ ಬಸ್ಸಿನ ಹಂಗಿಲ್ಲವಲ್ಲ! ರೊಟ್ಟಿ ಬಡಿಯುತ್ತಲೇ ಅವಳು ಇಡೀ ಪ್ರವಾಸವನ್ನು ಕೂಡಿಸಿ ಇಟ್ಟಳು. ಹಡಗು ಬಿಡುವ ದಿನವೇ ಎದ್ದೆನೋ ಬಿದ್ದೆನೋ ಎಂದು ಓಡಬಾರದು. ಹುಬ್ಬಳ್ಳಿಯಲ್ಲಿ ವಿಮಾನ ಹತ್ತಿ, ಬೆಂಗಳೂರಿನಲ್ಲಿ ಬದಲಿಸಿ, ಕೊಚ್ಚಿಗೆ ಹೋಗಿ, ಅಲ್ಲಿಂದ ಸಣ್ಣ ವಿಮಾನದಲ್ಲಿ ಮೊದಲೇ ದ್ವೀಪ ಮುಟ್ಟಬೇಕು. ದಂಡೆಯ ಮೇಲಿನ ಮನೆಯಲ್ಲಿ ಒಂದೆರಡು ದಿನ ಸುಮ್ಮನೆ ಇರಬೇಕು. ಆಮೇಲೆ ಹಡಗು. ಅದು ಉಳಿದ ದ್ವೀಪಗಳನ್ನು ಸುತ್ತಿಸಿ ಕೊಚ್ಚಿಗೆ ತಂದು ಬಿಡುತ್ತದೆ. ಇಳಿದ ಮೇಲೂ ಒಂದು ದಿನ ಅಲ್ಲೇ ಉಳಿಯಬೇಕು, ಕಾಲಡಿಯ ನೆಲ ತೂಗುವುದು ನಿಲ್ಲುವ ತನಕ. ಹಡಗಿನ ಖೋಲಿಗೆ ಕಿಟಕಿ ಇರಲೇಬೇಕು. ಏನೇನು ಒಯ್ಯಬೇಕು, ಏನೇನು ಒಯ್ಯಬಾರದು, ಎಲ್ಲ ಬಾಯಿಪಾಠ. ಹೋದ ವರ್ಷ ಪಂಚಮಿಗೆ ಶ್ರೀದೇವಿ ಬಂದಾಗ ಅಕ್ಕತಂಗಿಯರು ಒಂದೇ ಜೋಕಾಲಿಯ ಮೇಲೆ ಕೂತಿದ್ದರು. ಪುಷ್ಪಾವತಿ ಎಲ್ಲವನ್ನೂ ಒಪ್ಪಿಸಿದಳು. ತಂಗಿ ಉಂಡಿ ತಿನ್ನುತ್ತ ಹೂಂಗುಟ್ಟಿದಳು.

ಈ ಸಲ ದೀಪಾವಳಿ ಕಳೆದ ಮೇಲೆ ಫೋನು ಬಂತು.

"ಅಕ್ಕಾ, ನಾವು ಲಕ್ಷದ್ವೀಪಕ್ಕ ಹೊಂಟೇವಿ! ಮೊದಲ ದ್ವೀಪದಾಗ ಇದ್ದು ಆಮ್ಯಾಲ ಹಡಗ ಹತ್ತೂದು. ನನ್ನ ಪ್ಲಾನ್ ಕೇಳಿ ನಮ್ಮನಿಯವರು ಭಾಳ ಶಾಣ್ಯಾಕಿ ಅದೀ ಬಿಡು ಅಂದ್ರು."

ನನ್ನ ಪ್ಲಾನ್! ಹಂಚಿನ ಮೇಲಿನ ರೊಟ್ಟಿ ಕರಕಾಯಿತು, ಪುಷ್ಪಾವತಿ ಎತ್ತಲಿಲ್ಲ. "ಚಲೋ ಆತವಾ" ಎಂದಳು.

ಅವತ್ತಿನಿಂದ ಅವಳಿಗೆ ಊಟ ರುಚಿಸಲಿಲ್ಲ. ಹೊಟ್ಟೆಕಿಚ್ಚು ಎಂದು ಬೇರೆಯವರು ಅನ್ನಬೇಕಾಗಿರಲಿಲ್ಲ, ಅವಳೇ ಅಂದುಕೊಳ್ಳುತ್ತಿದ್ದಳು. ಹೌದು, ಉರಿಯಾಕತ್ತೈತಿ, ಏನೀಗ? ಹೊಳೆಯ ದಂಡೆಯಲ್ಲಿ ಚಪ್ಪಲಿ ಕಾಯುತ್ತಿದ್ದವಳು ಹಡಗು ಹತ್ತಬೇಕು, ಹೊಳೆಗೆ ಇಳಿದವಳು ಹಿಟ್ಟು ನಾದಬೇಕು, ಇದ್ಯಾವ ನ್ಯಾಯ? ತಂಗಿ ಸೀರೆ ಕೊಂಡಿದ್ದರೆ ಬಿಡುತ್ತಿದ್ದಳು, ಬಂಗಾರ ಮಾಡಿಸಿದ್ದರೂ ಬಿಡುತ್ತಿದ್ದಳು. ಇದು ತನ್ನದೇ. ತಾನು ಕಣ್ಣಲ್ಲೇ ಕಾಪಾಡಿಕೊಂಡು ಬಂದದ್ದು. ಅದರ ಮೇಲೆ ದಿನಾ ಬ್ಯಾಡಗಿಯಿಂದ ಫೋನು ಬೇರೆ.

"ಅಲ್ಲಿ ಸೀರಿ ನಡೀತೈತೇನಕ್ಕಾ?"

"ನಡೀತೈತಿ. ಆದ್ರ ಹಡಗಿನ ಮ್ಯಾಲ ಗಾಳಿ ಭಾಳ. ಚೂಡಿದಾರ ಹಾಕ್ಕೋ."

"ಟೊಪ್ಪಿಗಿ?"

"ಬೇಕು. ಗದ್ದಕ್ಕ ಕಟ್ಟೂ ದಾರ ಇರೂವಂಥಾದ್ದ ತಗೋ."

ಹಲ್ಲು ಕಡಿಯುತ್ತಲೇ ಸರಿಯಾದ ಉತ್ತರ ಕೊಡುತ್ತಿದ್ದಳು. ತಪ್ಪು ಹೇಳೋಣವೆಂದರೆ ನಾಲಿಗೆ ಒಪ್ಪದು. ಆ ದ್ವೀಪದ ವಿಷಯದಲ್ಲಿ ಸುಳ್ಳು ಹೇಳುವುದು ಅವಳಿಂದ ಆಗದ ಕೆಲಸ.

ಹೊರಡುವ ದಿನ ಬಂತು. ಬ್ಯಾಡಗಿಯಿಂದ ಹುಬ್ಬಳ್ಳಿಗೆ ಹೋಗುವ ದಾರಿಯಲ್ಲೇ ಹಾವೇರಿ. ಅವ್ವ ತೀರಿದ ಮೇಲೆ ಶ್ರೀದೇವಿಗೆ ತವರೆಂದರೆ ಅಕ್ಕನ ಮನೆ. ದೂರ ಹೊರಟ ಮಗಳಿಗೆ ಉಡಿ ತುಂಬಿ ಕಳಿಸುವುದು, ಆ ಉಡಿಯ ಗಂಟನ್ನು ಹೋದ ಊರು ಮುಟ್ಟುವ ತನಕ ಬಿಚ್ಚದಿರುವುದು ಅವ್ವ ನಡೆಸಿಕೊಂಡು ಬಂದ ಪದ್ಧತಿ. ಶಶಿಕಾಂತ ಹೊರಗೆ ಕಾರಿನಲ್ಲೇ ಕೂತು ಫೋನಿನಲ್ಲಿ ಮಾತಾಡುತ್ತಿದ್ದ. ಶ್ರೀದೇವಿ ಟೊಪ್ಪಿಗೆ ಕೈಯಲ್ಲಿ ಹಿಡಿದು ಒಳಗೆ ಬಂದಳು. ದಾರದ ಟೊಪ್ಪಿಗೆ. ಅದನ್ನು ಕಂಡಿದ್ದೇ ಪುಷ್ಪಾವತಿಯ ಮೈಯೆಲ್ಲ ಉರಿದುಹೋಯಿತು.

ಮಣೆಯ ಮೇಲೆ ಕೂರಿಸಿ ಅರಿಷಿಣ ಕುಂಕುಮ ಹಚ್ಚಿದಳು. ತಂಗಿ ಚಾಚಿದ ಓಢಣಿಗೆ ಅಕ್ಕಿ ಹಾಕಿದಳು, ಅಡಿಕೆ ಹಾಕಿದಳು, ಅರಿಷಿಣ ಬೇರು, ಉತ್ತತ್ತಿ. ಆಮೇಲೆ ಡಬ್ಬಿ ತೆಗೆದು ಒಣಕೊಬ್ಬರಿಯ ಬಟ್ಟಲುಗಳನ್ನು ಒಂದೊಂದಾಗಿ ಇಟ್ಟಳು. ವಿಮಾನಕ್ಕೆ ಕೊಡುವ ಬ್ಯಾಗಿನಲ್ಲಿ ಒಣಕೊಬ್ಬರಿ ಬಿಡುವುದಿಲ್ಲ; ಅದರ ಎಣ್ಣೆಗೆ ಬೆಂಕಿ ಹತ್ತೀತೆಂದು ಅಂಜಿ ಬ್ಯಾಗನ್ನೇ ತಡೆಯುತ್ತಾರೆ. ಇದು ಪುಷ್ಪಾವತಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಇಟ್ಟಳು.

"ಕೈಯಾಗ ಹಿಡ್ಕೋಬ್ಯಾಡ. ದೊಡ್ಡ ಬ್ಯಾಗಿನ ತಳಕ್ಕ ಇಡು. ಗಂಟ ಬಿಚ್ಚಬ್ಯಾಡ" ಎಂದಳು.

ಶ್ರೀದೇವಿ ಅಕ್ಕನ ಮುಖ ನೋಡಿದಳು, ಉಡಿ ನೋಡಿದಳು. "ದೇವರಿಗೆ ಕೈಮುಗದ ಬರ್ತೇನಿ" ಎಂದು ಉಡಿ ಹಿಡಿದುಕೊಂಡೇ ದೇವರ ಜಗಲಿಯ ಕಡೆ ಹೋದಳು. ಬಂದಾಗ ಗಂಟು ಕಟ್ಟಿಯಾಗಿತ್ತು. ಅಕ್ಕನ ಕಾಲಿಗೆ ಬಿದ್ದಳು. ಕಾರು ಹೊರಟುಹೋಯಿತು.

ಪುಷ್ಪಾವತಿ ಬಂದು ಒಲೆಯ ಮುಂದೆ ಕೂತಳು. ದೊಡ್ಡ ಕೇಡೇನೂ ಅವಳಿಗೆ ಬೇಕಿರಲಿಲ್ಲ. ಮಂದಿಯ ಮುಂದೆ ಹೆಸರು ಕೂಗಲಿ, ಬ್ಯಾಗು ಬಿಚ್ಚಿಸಲಿ, ಗಂಡ ಎಲ್ಲರೆದುರು ಗುರ್ ಎನ್ನಲಿ, ಶಾಣ್ಯಾಕಿಯ ಮುಖ ಒಂದಿಷ್ಟು ಇಳಿಯಲಿ. ಸಾಕು. ನೆನೆದು ಒಂದು ಗಳಿಗೆ ಹಿತವಾಯಿತು ಕೂಡ. ಆದರೆ ಪ್ಲಾನು ಅವಳದೇ ತಾನೆ? ರೊಟ್ಟಿಯ ಬುಟ್ಟಿ ತುಂಬುವ ಹೊತ್ತಿಗೆ ಮುಂದಿನದೂ ತಾನಾಗಿ ಬಿಚ್ಚಿಕೊಂಡಿತು. ಬ್ಯಾಗಿನ ರಗಳೆಯಲ್ಲಿ ಹುಬ್ಬಳ್ಳಿಯ ವಿಮಾನ ತಪ್ಪಿದರೆ ಬೆಂಗಳೂರಿನದು ತಪ್ಪಿತು, ಕೊಚ್ಚಿಯ ಸಣ್ಣ ವಿಮಾನ ತಪ್ಪಿತು, ದ್ವೀಪ ಹೋಯಿತು, ಹಡಗೂ ಹೋಯಿತು. ಎಲ್ಲ ಒಂದಕ್ಕೊಂದು ಗಂಟು ಹಾಕಿದ್ದು ಅವಳೇ. ನೀರಿಗೆ ಅಂಜುವ ಹುಡುಗಿ ಹೇಗೋ ಧೈರ್ಯ ಮಾಡಿ ಹೊರಟಿದ್ದಾಳೆ. ಅದೂ ಅವ್ವನ ಹೆಸರಿನ ಉಡಿಯಲ್ಲಿ ಇಂಥದ್ದನ್ನು ಇಟ್ಟೆನಲ್ಲ! ತೂ ನಿನ್ನ, ಎಂದು ತನಗೆ ತಾನೇ ಉಗಿದುಕೊಂಡು ಹಿಟ್ಟಿನ ಕೈಯಲ್ಲೇ ಫೋನು ಎತ್ತಿದಳು.

"ಶ್ರೀ, ಎಲ್ಲಿ ಅದೀರಿ?"

"ವಿಮಾನದ ನಿಲ್ದಾಣದಾಗ. ಬ್ಯಾಗ ಕೊಡೂ ಸಾಲಿನಾಗ ನಿಂತೇನಿ."

"ಕೊಡಬ್ಯಾಡ, ತಡಿ! ಉಡ್ಯಾಗ ಕೊಬ್ಬರಿ ಐತಿ. ಅದನ್ನ ಬಿಡಂಗಿಲ್ಲ ಅವರು. ಗಂಟ ಬಿಚ್ಚಿ ತಗದ ಬಿಡು."



"ಉಡ್ಯಾಗ ಕೊಬ್ಬರಿ ಇಲ್ಲಕ್ಕಾ. ನಿನ್ನ ಜಗಲಿ ಮ್ಯಾಲ ಐತಿ ನೋಡು. ಕೈಮುಗಿಯಾಕ ಹೋದಾಗ ತಗದ ಇಟ್ಟ ಬಂದೇನಿ."

"ನಿನಗ ಹೆಂಗ ಗೊತ್ತಾತು?"

"ನೀನ ಹೇಳಿದ್ದಿಯಲ್ಲಾ, ಪಂಚಮ್ಯಾಗ, ಜೋಕಾಲಿ ಮ್ಯಾಲ. ಯಾರರ ಉಡಿ ತುಂಬಿದ್ರ ಕೊಬ್ಬರಿ ಬ್ಯಾಡ ಅನ್ನಬೇಕು, ವಿಮಾನದಾಗ ನಡ್ಯಂಗಿಲ್ಲ ಅಂತ. ಮರತಿದ್ದೇನು?"

ಹೂಂ ಅಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ತಂಗಿಯೇ ದಾರಿ ಬಿಟ್ಟುಕೊಟ್ಟಿದ್ದಳು. ಪುಷ್ಪಾವತಿ ಬಾಯಿ ತೆರೆದಳು, ಆದರೆ ದ್ವೀಪದ ವಿಷಯದಲ್ಲಿ ನಾಲಿಗೆ ಸುಳ್ಳು ಹೇಳದು.

"ಇಲ್ಲ. ಮರತಿರಲಿಲ್ಲ."

"ಗೊತ್ತಿತ್ತು. ಫೋನ್ ಮಾಡ್ತೀಯೋ ಇಲ್ಲೋ ಅಂತ, ಹಿಂದಿನವರನ್ನ ಮುಂದ ಬಿಟಗೋತ ನಿಂತೇನಿ" ಎಂದಳು ಶ್ರೀದೇವಿ. "ಇವರು ಆಗಿಂದ ಬಯ್ಯಾಕತ್ತಾರ. ಈಗ ಕೊಡ್ತೇನಿ ಬ್ಯಾಗ."

ಪುಷ್ಪಾವತಿ ಸೆರಗು ಬಾಯಿಗೆ ಒತ್ತಿಕೊಂಡಳು. ಅಳು ಬಂದರೂ ಉರಿ ಆರಿರಲಿಲ್ಲ.

"ಹಡಗಿನಾಗಿಂದ ವಿಡಿಯೋ ಕಾಲ್ ಮಾಡ್ಲ್ಯಾ ಅಕ್ಕಾ?"

"ಮಾಡಬ್ಯಾಡ. ನನಗ ಹೊಟ್ಟಿ ಉರೀತೈತಿ, ಖರೇನ ಹೇಳಾಕತ್ತೇನಿ."

"ಉರೀಲಿ ಬಿಡು" ಎಂದು ಶ್ರೀದೇವಿ ಅಳುತ್ತಲೇ ನಕ್ಕಳು. "ನೀ ಹೋಗೂ ಮುಂದ ನಾ ಉಡಿ ತುಂಬತೇನಿ. ಕೊಬ್ಬರಿ ಹಾಕೇ ತುಂಬತೇನಿ."

ಪುಷ್ಪಾವತಿ ಜಗಲಿಗೆ ಹೋದಳು. ದೇವರ ಪಕ್ಕದಲ್ಲಿ ಕೊಬ್ಬರಿ ಬಟ್ಟಲುಗಳು ಒಂದರೊಳಗೊಂದು ಕೂತಿದ್ದವು. ಅವನ್ನು ಸೆರಗಿನಲ್ಲಿ ಹಾಕಿಕೊಂಡು ಪಡಸಾಲೆಗೆ ಬಂದಳು. ಮಾಲತೇಶ ಕುಬಸಕ್ಕೆ ಕೈ ಹೊಲಿಗೆ ಹಾಕುತ್ತಿದ್ದ.

"ಏನ್ರೀ, ನಾ ಒಬ್ಬಾಕಿನ ಲಕ್ಷದ್ವೀಪಕ್ಕ ಹೋಗ್ಲ್ಯಾ?"

ಅವನು ತಲೆ ಎತ್ತಿದ, ಹಲ್ಲಲ್ಲಿ ಕಚ್ಚಿದ್ದ ಗುಂಡುಸೂಜಿ ತೆಗೆದ.

"ಹೋಗಿ ಬಾ. ಬ್ಯಾಡ ಅಂತ ಯಾವಾಗ ಅಂದೇನಿ? ಇಷ್ಟ ವರ್ಷ ನೀ ಕೇಳೇ ಇಲ್ಲ."

ಬೈಯಲು ಪುಷ್ಪಾವತಿಗೆ ಈಗ ಯಾರೂ ಸಿಗಲಿಲ್ಲ. ಒಂದು ಬಟ್ಟಲು ಮುರಿದು ಬಾಯಿಗೆ ಹಾಕಿಕೊಂಡಳು, ಅಗಿಯುತ್ತ ಅಲ್ಲೇ ಕೂತಳು.