ಗೋಡೆಯ ಮೇಲಿನ ಎರಡು ಮಿಲಿ

ಈ ಅನುಭವಕ್ಕೆ ನನಗಾದ ಖರ್ಚನ್ನು ಮೊದಲೇ ಹೇಳಿಬಿಡುತ್ತೇನೆ: ಕಮಲಾಪುರಕ್ಕೆ ಹೋಗಿಬರುವ ಬಸ್ ಚಾರ್ಜು, ಒಂದು ದಿನದ ಧಂದೆ, ಮತ್ತು ಗಿರಾಕಿಯೊಬ್ಬರಿಗೆ ಜೀವನದಲ್ಲಿ ಮೊದಲ ಸಲ ಬಿಟ್ಟಿಯಾಗಿ ತೆಗೆದುಕೊಟ್ಟ ಒಂದು ಪ್ರಿಂಟು. ಕಾರಣ ಇಷ್ಟೇ, ಒಂದು ಜೋಡಿ ಕಂಸ ಹಾಕಲು ಮರೆತಿದ್ದೆ. ಶಾಲೆಯಲ್ಲಿ ಗಣಿತದ ಮೇಷ್ಟ್ರು ಹಾಕಿಸುತ್ತಿದ್ದರಲ್ಲ, ಅದೇ ಕಂಸ. ಆ ಮರೆವಿಗೆ ತೆರಬೇಕಾಗಿದ್ದ ಬೆಲೆ ನೋಡಿದರೆ ನಾನು ಬಹಳ ಅಗ್ಗದಲ್ಲಿ ಪಾರಾದೆ.

ಗಾಳಿ, ಶಕುನ, ಪವಾಡ, ಇವನ್ನೆಲ್ಲ ನಾನು ನಂಬುತ್ತಿರಲಿಲ್ಲ. ನಂಬುವವರನ್ನು ಎದುರಿಗೇ ಕೂರಿಸಿಕೊಂಡು ಚೇಷ್ಟೆ ಮಾಡಿದ್ದೂ ಉಂಟು. ಕಂಪ್ಯೂಟರ್ ಕೆಲಸಕ್ಕೆ ಇಳಿದ ಮೇಲಂತೂ ಈ ಸೊಕ್ಕು ಇನ್ನೂ ಹೆಚ್ಚಿತ್ತು. ಯಂತ್ರ ನಾವು ಹೇಳಿದ್ದನ್ನಷ್ಟೇ ಮಾಡುತ್ತದೆ. ತಪ್ಪು ಹೇಳಿದರೆ ತಪ್ಪನ್ನೇ ಮಾಡುತ್ತದೆ. ಇವತ್ತಿಗೂ ನನ್ನ ಮಾತು ಅದೇ. ಆ ಒಂದು ದಿನದ ಮಟ್ಟಿಗೆ ಮಾತ್ರ ನಾಲಿಗೆ ತಡವರಿಸುತ್ತದೆ.

ತೊಂಬತ್ತರ ದಶಕದ ನಡುವಿನ ವಿಷಯ. ನಮ್ಮೂರಿನ ಸ್ಟೇಶನ್ ಬಜಾರದಲ್ಲಿ ಒಂದು ಲಾಡ್ಜಿನ ಕೆಳಗೆ ಸಣ್ಣ ಕೋಣೆ ಹಿಡಿದು, ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ಮತ್ತು ಕಿರ್ರೆನ್ನುವ ಪ್ರಿಂಟರ್ ಇಟ್ಟುಕೊಂಡು ಕೂತಿದ್ದೆ. ಸಿ ಭಾಷೆಯನ್ನು ನನಗೆ ಯಾರೂ ಕಲಿಸಲಿಲ್ಲ. ಪುಸ್ತಕ ತಂದು, ಗಿರಾಕಿ ಇಲ್ಲದ ಹೊತ್ತಿನಲ್ಲಿ ಕಲಿತದ್ದು. ಕಮಲಾಪುರದಲ್ಲಿ ಮಕ್ಕಳ ದವಾಖಾನೆ ನಡೆಸುತ್ತಿದ್ದ ಡಾಕ್ಟರ್ ವಾಮನರಾವ್ ಒಂದು ದಿನ ನಲವತ್ತು ಔಷಧಿಗಳ ಪಟ್ಟಿ ಹಿಡಿದು ಬಂದರು. ಮಗುವಿನ ತೂಕ ನೋಡಿದರೆ ಸಾಕು, ಒಂದು ಹೊತ್ತಿಗೆ ಎಷ್ಟು ಮಿಲಿ ಕುಡಿಸಬೇಕೆಂದು ಸಿಸ್ಟರಿಗೆ ಗೋಡೆಯ ಮೇಲೇ ಕಾಣಬೇಕು, ಅಂಥ ಚಾರ್ಟು ಬೇಕಾಗಿತ್ತು ಅವರಿಗೆ. ಔಷಧಿಗೆ ಇಷ್ಟರಂತೆ ರೇಟು ಮಾತಾಡಿದೆ. ಅವರು ಇಳಿಸಿದರು, ನಾನು ಏರಿಸಿದೆ, ಚಹಾ ಮುಗಿಯುವುದರೊಳಗೆ ನನ್ನ ರೇಟೇ ನಿಂತಿತು.

ನಾನು ಅವರಿಗೆ ಹೇಳದೆ ಉಳಿಸಿಕೊಂಡದ್ದು ಒಂದಿತ್ತು. ನಲವತ್ತು ಔಷಧಿಗೆ ನಲವತ್ತು ಸಲ ಬರೆಯುವ ಜರೂರು ನನಗಿರಲಿಲ್ಲ. ಗೌರಿ ಹುಣ್ಣಿಮೆಗೆ ಪಾಕ ಎರೆದು ಸಕ್ಕರೆ ಆರತಿಯ ಗೊಂಬೆ ಮಾಡುವ ಕಟ್ಟಿಗೆಯ ಅಚ್ಚು ನೋಡಿದ್ದೀರಲ್ಲ? ಒಂದು ಸಲ ಕೆತ್ತಿದರೆ ಮುಗಿಯಿತು, ಎಷ್ಟು ಬೇಕಾದರೂ ಎರೆಯಬಹುದು. ಸಿ ಭಾಷೆಯಲ್ಲಿ ಅಂಥ ಅಚ್ಚಿಗೆ ಮ್ಯಾಕ್ರೋ ಎನ್ನುತ್ತಾರೆ. ಒಂದು ಔಷಧಿಯ ಲೆಕ್ಕ ಬರೆದಿಟ್ಟು, ಹೆಸರು, ಪ್ರಮಾಣ, ದಿನಕ್ಕೆ ಎಷ್ಟು ಸಲ ಎಂಬ ಮೂರು ಜಾಗ ಖಾಲಿ ಬಿಟ್ಟರೆ, ನಲವತ್ತನ್ನೂ ಅದೇ ಎರೆದುಕೊಡುತ್ತದೆ. ಆದರೆ ಈ ಅಚ್ಚಿಗೆ ಬುದ್ಧಿ ಇಲ್ಲ. ಖಾಲಿ ಜಾಗದಲ್ಲಿ ಏನು ಕೊಟ್ಟಿರೋ ಆ ಅಕ್ಷರಗಳನ್ನೇ ತಂದು ಅಂಟಿಸುತ್ತದೆ, ಅರ್ಥ ನೋಡುವುದಿಲ್ಲ.

ಡಾಕ್ಟರುಗಳು ಚೀಟಿಯಲ್ಲಿ 1+1+1 ಎಂದು ಬರೆಯುತ್ತಾರೆ. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಎಂದರ್ಥ. ಪಟ್ಟಿಯಲ್ಲಿ ಹಾಗೇ ಇತ್ತು, ನಾನೂ ಹಾಗೇ ಹೊಡೆದೆ. ಕೂಡಿಸುವುದು ಯಂತ್ರದ ಕೆಲಸ, ನಾನೇಕೆ ಮೂರು ಎಂದು ತಿದ್ದುತ್ತ ಕೂರಲಿ ಎಂದುಕೊಂಡೆ. ಆರು ಕಿಲೋ ಕೂಸಿಗೆ ದಿನಕ್ಕೆ ಆರು ಮಿಲಿ ಎಂದರೆ ಮೂರರಿಂದ ಭಾಗಿಸಿ ಹೊತ್ತಿಗೆ ಎರಡು ಮಿಲಿ ಬರಬೇಕು. ಆ ಮೂರು ಒಂದುಗಳ ಸುತ್ತ ಕಂಸವಿಲ್ಲದ ಅಚ್ಚಿನಲ್ಲಿ, ಭಾಗಾಕಾರವನ್ನೇ ಮೊದಲು ಮಾಡುವ ಯಂತ್ರ ಓದಿಕೊಳ್ಳುವುದೇ ಬೇರೆ: ಆರನ್ನು ಒಂದರಿಂದ ಭಾಗಿಸು, ಆಮೇಲೆ ಒಂದು ಕೂಡಿಸು, ಇನ್ನೊಂದು ಕೂಡಿಸು. ಎಂಟು ಮಿಲಿ.

ಇದು ಆಗ ನನ್ನ ಗಮನಕ್ಕೆ ಬರಲೇ ಇಲ್ಲ. ಚಾರ್ಟು ತೆಗೆದುಕೊಟ್ಟಾಗ ವಾಮನರಾವ್ ಮೇಲೆ ಕೆಳಗೆ ನೋಡಿ, "ಕಂಪ್ಯೂಟರ್ ಲೆಕ್ಕ ಅದ, ಇದರಾಗ ನಾ ಏನ್ ನೋಡ್ಲಿ" ಎಂದು ಸುರುಳಿ ಸುತ್ತಿಕೊಂಡು ಹೋದರು. ನಾನು ಪ್ರೋಗ್ರಾಂ ತುಂಬಿದ್ದ ಫ್ಲಾಪಿಯ ಅಂಚಿನ ಕಚ್ಚಿಗೆ ಕಾಗದ ಅಂಟಿಸಿ ಡಬ್ಬಿಯಲ್ಲಿಟ್ಟೆ. ಹಾಗೆ ಅಂಟಿಸಿದ ಮೇಲೆ ಅದರೊಳಗೆ ಯಾರೂ ಏನೂ ಬದಲಿಸಲಾಗದು. ಕೆಲಸ ಒಪ್ಪಿಸಿದ ಮೇಲೆ ಗಿರಾಕಿ ಬಿಟ್ಟಿ ತಿದ್ದುಪಡಿ ಕೇಳಬಾರದೆಂದು ನಾನು ಮಾಡಿಕೊಂಡ ಪದ್ಧತಿ ಅದು.

ನಾಲ್ಕು ತಿಂಗಳ ನಂತರ ಅವರಿಂದ ಚೀಟಿ ಬಂತು. ಚಾರ್ಟಿನ ಮೇಲೆ ಸಿರಪ್ ಚೆಲ್ಲಿದೆ, ಇನ್ನೊಂದು ಪ್ರತಿ ಬೇಕು. ಬೆಳಿಗ್ಗೆ ಅದೇ ಫ್ಲಾಪಿ ಹಾಕಿ ಪ್ರಿಂಟ್ ತೆಗೆದೆ. ಆ ವಾರ ನನ್ನ ಮಗಳಿಗೆ ಜ್ವರ. ಜೇವರ್ಗಿ ಕಾಲೋನಿಯ ಡಾಕ್ಟರೊಬ್ಬರು ತೂಕ ಮಾಡಿ, ಆರು ಕಿಲೋ ಎಂದು ಹೇಳಿ, ಹೊತ್ತಿಗೆ ಎರಡು ಮಿಲಿ ಔಷಧಿ ಬರೆದಿದ್ದರು. ಅದೇ ಔಷಧಿಯ ಹೆಸರು ಕಾಗದದ ಮೇಲೆ ಕಂಡಿತೆಂದು ಆರು ಕಿಲೋದ ಸಾಲು ನೋಡಿದೆ. ಎಂಟು ಎಂದಿತ್ತು.

ನಾಲ್ಕು ತಿಂಗಳು ಎಷ್ಟು ಮಕ್ಕಳಿಗೆ ಕುಡಿಸಿದ್ದಾರೋ. ಯಾರೂ ತಕರಾರು ತಂದಿಲ್ಲ ಎಂದು ಸಮಾಧಾನ ಮಾಡಿಕೊಳ್ಳಲು ನೋಡಿದೆ. ಆದರೆ ಮಗುವಿಗೆ ಏನಾದರೂ ಆದರೆ ಸ್ಟೇಶನ್ ಬಜಾರದ ಪ್ರಿಂಟರಿನವನನ್ನು ಹುಡುಕಿಕೊಂಡು ಯಾವ ತಾಯಿ ಬರುತ್ತಾಳೆ? ಎಸ್‌ಟಿಡಿ ಬೂತಿನಿಂದ ಮೂರು ಸಲ ಫೋನ್ ಹಚ್ಚಿದೆ, ಗಂಟೆ ಹೊಡೆಯಿತೇ ಹೊರತು ಯಾರೂ ಎತ್ತಲಿಲ್ಲ. ಶಟರ್ ಎಳೆದು ಕಮಲಾಪುರದ ಮೇಲೆ ಹೋಗುವ ಹುಮನಾಬಾದ್ ಬಸ್ ಹತ್ತಿದೆ. ಮಹಾಗಾಂವ ಕ್ರಾಸಿನಲ್ಲಿ ಬಸ್ ನಿಂತೇ ಬಿಟ್ಟಿತು, ಯಾರೋ ತೊಗರಿಯ ಚೀಲ ಏರಿಸುತ್ತಿದ್ದರು. ಇಳಿದು ಓಡೋಣ ಎನ್ನಿಸಿದ್ದು ಸುಳ್ಳಲ್ಲ.

ದವಾಖಾನೆಯೊಳಗೆ ನುಗ್ಗಿದಾಗ ಸಿಸ್ಟರ್ ಕಸ್ತೂರಬಾಯಿ ಸಣ್ಣ ಅಳತೆಯ ಮುಚ್ಚಳಕ್ಕೆ ಸಿರಪ್ ಹೊಯ್ಯುತ್ತಿದ್ದರು. ಎದುರಿಗೆ ಕೂಸು ಎತ್ತಿಕೊಂಡ ಒಬ್ಬ ಹೆಣ್ಣುಮಗಳು.

"ಕೊಡಬ್ಯಾಡ್ರಿ," ಎಂದು ಆ ಅಳತೆಯನ್ನು ಕಸಿದುಕೊಂಡೆ.

"ಯಾರ್ರಿ ಇಂವಾ? ನನ್ ಕೂಸಿನ ದವಾ ಯಾಕ ಕಸ್ಗೋತಾನ?" ಎಂದಳು ಆಕೆ.

"ಚಾರ್ಟ್ ಮಾಡಿದ ಸಾಹೇಬ್ರು, ತಂಗಿ. ರೊಕ್ಕ ಕಮ್ಮಿ ಬಿದ್ದಾವಂತ ದವಾನೇ ವಾಪಸ್ ಒಯ್ಯಾಕ ಬಂದಾರ," ಎಂದರು ನನ್ನ ಗುರುತಿದ್ದ ಕಸ್ತೂರಬಾಯಿ. ಬೆಂಚಿನ ಮೇಲೆ ಕೂತವರು ನಕ್ಕರು.

ನಾನು ನಗುವ ಸ್ಥಿತಿಯಲ್ಲಿರಲಿಲ್ಲ. ಅಳತೆ ನೋಡಿದೆ, ಎರಡು ಮಿಲಿ. ಗೋಡೆ ನೋಡಿದೆ. ಆರು ಕಿಲೋ, ಎರಡು ಮಿಲಿ. ಒಂಬತ್ತು ಕಿಲೋ, ಮೂರು. ಔಷಧಿಯಿಂದ ಔಷಧಿಗೆ ಬೆರಳಿಟ್ಟು ನಲವತ್ತನ್ನೂ ನೋಡಿದೆ. ಎಲ್ಲ ಸರಿ. ಒಂದು ಅಂಕಿಯೂ ತಪ್ಪಿಲ್ಲ. ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

ಒಳಗಿನಿಂದ ಬಂದ ವಾಮನರಾವ್, "ಅಹೋ, ಕುರ್ಚಿ ಅದಲ್ರಿ, ಮ್ಯಾಲ ಕೂಡ್ರಿ. ಕಸ್ತೂರಬಾಯಿ, ಜರಾ ನೀರ್ ಕೊಡ್ರಿ ಇವರಿಗೆ" ಎಂದರು. ನೀರು ಕುಡಿದು ಎಲ್ಲವನ್ನೂ ಹೇಳಿ, ನನ್ನ ಚೀಲದಲ್ಲಿದ್ದ ಹೊಸ ಕಾಗದ ತೋರಿಸಿದೆ. ಅವರು ಎರಡನ್ನೂ ಅಕ್ಕಪಕ್ಕ ಹಿಡಿದು ಬಹಳ ಹೊತ್ತು ನೋಡಿದರು. "ನಾ ಒಂದು ಸಾಲೂ ತಾಳೆ ನೋಡಿರಲಿಲ್ಲ," ಎಂದರು ಮೆಲ್ಲಗೆ.

ಹಳೆಯ ಚಾರ್ಟನ್ನು ಕೇಳಿ ತಂದುಕೊಂಡೆ. ಅದು ನನ್ನ ಪ್ರಿಂಟರಿನದೇ. ಆ ಪ್ರಿಂಟರಿನಲ್ಲಿ ಅಕ್ಷರ ಕುಟ್ಟುವ ಒಂದು ಸೂಜಿ ಕೆಟ್ಟು ಎಲ್ಲ ಅಕ್ಷರಗಳ ನಟ್ಟನಡುವೆ ಸಣ್ಣ ಬಿಳಿ ಗೆರೆ ಬೀಳುತ್ತಿತ್ತು, ಆ ಗೆರೆ ಎರಡರಲ್ಲೂ ಇತ್ತು. ಪ್ರೋಗ್ರಾಂ ಇದ್ದದ್ದು ಆ ಒಂದೇ ಫ್ಲಾಪಿಯಲ್ಲಿ, ನಾನು ಅಂಟಿಸಿದ ಕಾಗದ ಹಾಗೇ ಇತ್ತು. ಹತ್ತು ಸಲ ಓಡಿಸಿದೆ, ಹತ್ತು ಸಲವೂ ಎಂಟು ಬಂತು. ಅಚ್ಚು ಏನು ಎರೆದಿದೆ ಎಂದು ಬಿಚ್ಚಿ ನೋಡಿದೆ; ನಲವತ್ತು ಕಡೆಯೂ ಕಂಸವಿಲ್ಲದ ಅದೇ ತಪ್ಪು. ಕಂಪ್ಯೂಟರ್ ಟ್ಯೂಶನ್ ಹೇಳುತ್ತಿದ್ದ ಗೆಳೆಯನೊಬ್ಬ ಎರಡು ದಿನ ತಲೆ ಕೆರೆದುಕೊಂಡು, "ಇದು ಮದಲನೇ ಸಲಾನೂ ಎಂಟೇ ಹೊಡೀಬೇಕಿತ್ತಪ್ಪಾ" ಎಂದು ಫ್ಲಾಪಿ ವಾಪಸು ಕೊಟ್ಟ. ಅದು ನನಗೂ ಗೊತ್ತಿತ್ತು. ತಪ್ಪು ಪ್ರೋಗ್ರಾಮಿನಿಂದ ಒಂದೇ ಒಂದು ಸಲ, ಬೇಕಾದಾಗಲೇ, ನಲವತ್ತು ಸರಿ ಉತ್ತರ ಹೇಗೆ ಬಂದವೋ ನಾನು ಹೇಳಲಾರೆ. ಕಂಸ ಹಾಕಿ ಹೊಸ ಚಾರ್ಟು ತೆಗೆದುಕೊಟ್ಟೆ. ಈ ಸಲ ಡಾಕ್ಟರು ಪೆನ್ನು ಹಿಡಿದು ಪೂರಾ ತಾಳೆ ನೋಡಿದರು, ನಾನು ಪಕ್ಕದಲ್ಲೇ ಕೂತಿದ್ದೆ.

ನೀವು ಯಾವ ಕೆಲಸದವರಾದರೂ ಸರಿ, ಒಂದು ಮಾತು ಕೇಳಿ. ಒಂದು ಅಚ್ಚಿನಿಂದ ನೂರು ತೆಗೆಯುವಾಗ ಎರೆದು ಬಂದದ್ದನ್ನು ಬಿಚ್ಚಿ ನೋಡದೆ ಯಾರ ಕೈಗೂ ಕೊಡಬೇಡಿ. ಎಲ್ಲ ಸಾಲು ನೋಡಲು ಪುರಸೊತ್ತಿಲ್ಲ ಎನ್ನುತ್ತೀರಾ, ಒಂದನ್ನಾದರೂ ಕಾಗದದ ಮೇಲೆ ಕೈಯಿಂದ ಲೆಕ್ಕ ಹಾಕಿ. ಯಾವ ಸಾಲು ಎಂದು ಕೇಳಿದರೆ, ಎಲ್ಲರಿಗಿಂತ ಕಡಿಮೆ ತೂಕದ ಕೂಸಿನ ಸಾಲು.