ಕೈ ಹಾಕಬಾರದ ಫೈಲು

ಆಫೀಸಿನಲ್ಲಿ ಎಲ್ಲರೂ ಅವಳನ್ನು ಬಿಲ್ಡಕ್ಕ ಎಂದೇ ಕರೆಯುತ್ತಿದ್ದರು. ಔಷಧಿ ಇಡುವ ಶೀತಲ ಕೋಣೆಗಳ ತಾಪಮಾನ ಕಾಯುವ ಸಾಫ್ಟ್‌ವೇರ್ ಅವರ ಕಂಪನಿಯದು. ಹತ್ತಾರು ಜನ ಬರೆದ ಕೋಡನ್ನು ಒಟ್ಟುಗೂಡಿಸಿ, ಓಡುವ ಪ್ರೋಗ್ರಾಂ ಮಾಡುವುದಕ್ಕೆ ಬಿಲ್ಡ್ ಎನ್ನುತ್ತಾರೆ. ಆ ಕೆಲಸ ಅವಳ ಪಾಲಿಗೆ ಬಂದಿತ್ತು. ಬಿಲ್ಡ್ ಮಾಡುವ ಕಂಪ್ಯೂಟರ್ ಇದ್ದದ್ದು ಕಿಟಕಿಯಿಲ್ಲದ ಒಂದು ಕೋಣೆಯಲ್ಲಿ. ಅದರ ಮುಂದೆ ಕೂತೇ ಕೆಲಸ ಮಾಡಬೇಕಿತ್ತು; ಹೊರಗಿನಿಂದ ನೆಟ್ ಮೂಲಕ ಅದನ್ನು ಮುಟ್ಟುವಂತಿರಲಿಲ್ಲ.

ಆ ಕೋಡಿನಲ್ಲಿ ಕೆಲವು ಫೈಲುಗಳನ್ನು ಮನುಷ್ಯರು ಬರೆಯುತ್ತಿರಲಿಲ್ಲ. ಪ್ರತಿ ಬಿಲ್ಡಿಗೂ ಟೂಲು ಎಂದು ಕರೆಯುವ ಒಂದು ಹಳೆಯ ಪುಟ್ಟ ಪ್ರೋಗ್ರಾಂ, ತಾಪಮಾನ ಅಳೆಯುವ ಸೆನ್ಸರುಗಳ ವಿವರ ಓದಿಕೊಂಡು ಅವನ್ನು ಹೊಸದಾಗಿ ಬರೆದು ಹಾಕುತ್ತಿತ್ತು. ಒಂದೊಂದರ ನೆತ್ತಿಯ ಮೇಲೂ ‘ಇದು ಯಂತ್ರ ಬರೆದದ್ದು, ಯಾರೂ ತಿದ್ದಬೇಡಿ’ ಎಂಬ ಸಾಲು. ಆದರೆ ತಿದ್ದದೆ ಗತಿಯಿರಲಿಲ್ಲ. ಹೊಸ ಬಗೆಯ ಸೆನ್ಸರು ಬಂದ ಮೇಲೆ ಟೂಲು ಸೊನ್ನೆಗಿಂತ ಕೆಳಗಿನ ತಾಪಮಾನದ ಮೈನಸ್ ಚಿಹ್ನೆಯನ್ನೇ ನುಂಗಿಬಿಡುತ್ತಿತ್ತು. ಟೂಲನ್ನೇ ಸರಿಪಡಿಸೋಣವೆಂದರೆ ಬರೆದವನು ಕೆಲಸ ಬಿಟ್ಟು ಹೋಗಿದ್ದ; ಅದರ ಮೂಲ ಕೋಡು ಯಾರ ಬಳಿಯೂ ಉಳಿದಿರಲಿಲ್ಲ. ಹೀಗಾಗಿ ಬಿಲ್ಡನ್ನು ಅರ್ಧಕ್ಕೆ ನಿಲ್ಲಿಸಿ, ತಪ್ಪಿದ ಸಾಲುಗಳನ್ನು ಹುಡುಕಿ ಕೈಯಾರೆ ತಿದ್ದುತ್ತಿದ್ದಳು. ಮಾರನೆಯ ದಿನ ಟೂಲು ಅದನ್ನೆಲ್ಲ ಅಳಿಸಿ ಮತ್ತೆ ತಪ್ಪನ್ನೇ ಬರೆಯುತ್ತಿತ್ತು. ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಿತ್ತು ಅವಳ ಪಾಡು. ರಜೆ ಎಂಬುದು ಮರೆತೇ ಹೋಗಿತ್ತು. ಮನೆಗೆ ಬಂದರೂ ಮನಸ್ಸು ಆಫೀಸಿನಲ್ಲೇ.

“ಎಳೆಗೂಸು ಬಿಟ್ಟು ಬಂದವಳ ಹಾಗೆ ಆಡ್ತೀಯಲ್ಲೇ,” ಎಂದು ಅತ್ತೆ ನಗುತ್ತಿದ್ದರು.

ಅಷ್ಟರಲ್ಲಿ ಗಂಡನಿಗೆ ಬೇರೆ ಊರಿಗೆ ವರ್ಗವಾಯಿತು. ಅಲ್ಲೂ ಅವಳ ಕಂಪನಿಯ ಶಾಖೆಯಿತ್ತು. ತನಗೂ ವರ್ಗ ಬೇಕೆಂದು ಮ್ಯಾನೇಜರನ್ನು ಕೇಳಿದಳು.

“ನೀವು ಹೋದ್ರೆ ಬಿಲ್ಡ್ ಯಾರು ಮಾಡ್ತಾರೆ ಮೇಡಂ? ಸ್ವಲ್ಪ ತಡ್ಕೊಳ್ಳಿ.”

ಅವಳು ತಡೆದುಕೊಳ್ಳಲಿಲ್ಲ. ಊಟದ ಬಿಡುವಿನಲ್ಲಿ ಕೂತು ಅದೇ ಕೆಲಸ ಮಾಡುವ ಹೊಸ ಟೂಲೊಂದನ್ನು ತಾನೇ ಬರೆದಳು. ಅದು ಮೈನಸ್ಸನ್ನು ನುಂಗುತ್ತಿರಲಿಲ್ಲ. ಖುಷಿಯಿಂದ ತೋರಿಸಿದರೆ ಮ್ಯಾನೇಜರ್ ಅಡ್ಡಡ್ಡ ತಲೆಯಾಡಿಸಿದ.

“ಹಳೇದನ್ನ ಗ್ರಾಹಕರು ಪರೀಕ್ಷೆ ಮಾಡಿ ಒಪ್ಪಿದ್ದಾರೆ. ಹೊಸದು ಅಂದ್ರೆ ಮತ್ತೆ ಅ ಆ ಇ ಈಯಿಂದ ಶುರು. ಹೇಗೂ ನಡೀತಿದೆಯಲ್ಲ?”

“ನಡೀತಿಲ್ಲ ಸರ್, ನಾನು ನಡೆಸ್ತಿದೀನಿ.”

ಆ ವಾರವೇ ಹಟ ಹಿಡಿದು ರಜೆ ಪಡೆದಳು. ತಿದ್ದುವ ಕ್ರಮವನ್ನು ಸಹೋದ್ಯೋಗಿಯೊಬ್ಬನಿಗೆ ಬಿಡಿಸಿ ಹೇಳಿ, ಗಂಡ ಇದ್ದ ಊರಿಗೆ ಹೋಗಿ ಫೋನ್ ಆರಿಸಿಟ್ಟಳು. ಆದರೂ ಪಾತ್ರೆ ತೊಳೆಯುವಾಗ, ಬೀದಿಯಲ್ಲಿ ನಡೆಯುವಾಗ ಆ ಸಾಲುಗಳೇ ಕಣ್ಣ ಮುಂದೆ. ಇತ್ತ ಸಹೋದ್ಯೋಗಿ ಒಂದು ಸಾಲನ್ನು ತಿದ್ದದೆ ಬಿಟ್ಟುಬಿಟ್ಟಿದ್ದ. ಆಫೀಸಿನಲ್ಲೇ ಪರೀಕ್ಷೆಗೆಂದು ಇಟ್ಟಿದ್ದ ಶೀತಲ ಕೋಣೆಯಲ್ಲಿ ಮರಗಟ್ಟುವ ಚಳಿಯಿದ್ದರೂ ಪರದೆ ಸುಡುಬೇಸಿಗೆ ತೋರಿಸಿ, ಅಲಾರಂ ಇಡೀ ಮಹಡಿ ಎದ್ದು ನಿಲ್ಲುವಂತೆ ಕಿರುಚಿತು. ಪುಣ್ಯಕ್ಕೆ ಆ ಪ್ರೋಗ್ರಾಂ ಇನ್ನೂ ಗ್ರಾಹಕರಿಗೆ ಹೋಗಿರಲಿಲ್ಲ.

ಮರಳಿ ಬಂದವಳಿಗೆ ಮೊದಲು ಬೈಗುಳ ಸಿಕ್ಕಿತು, ಆಮೇಲೆ ಹೊಸ ಟೂಲಿಗೆ ಒಪ್ಪಿಗೆ. ತಿಂಗಳುಗಟ್ಟಲೆ ಪರೀಕ್ಷೆಗಳಾಗಿ ಅವಳ ಟೂಲೇ ಜಾರಿಗೆ ಬಂತು. ಬಿಲ್ಡ್ ಎಲ್ಲೂ ನಿಲ್ಲದೆ ತಾನೇ ಮುಗಿದ ದಿನ ಅವಳು ನೇರವಾಗಿ ಮ್ಯಾನೇಜರ್ ಕೋಣೆಗೆ ಹೋದಳು.

“ಸರ್, ಈಗಲಾದ್ರೂ ನನ್ನ ಕಳಿಸ್ಕೊಡ್ತೀರಾ?”

“ಅಯ್ಯೋ, ಟೂಲು ನಿಮ್ಮದಲ್ವಾ ಮೇಡಂ? ನಾಳೆ ಏನಾದ್ರೂ ಆದ್ರೆ?”

“ಅದರ ಕೋಡು ಎಲ್ಲರಿಗೂ ಸಿಗೋ ಹಾಗೇ ಇಟ್ಟಿದೀನಿ.”

“ಕೋಡು ಇದ್ರೆ ಸಾಕಾ? ಬರೆದವರು ಬಿಟ್ಟು ಹೋದ್ರೆ ಏನಾಗುತ್ತೆ ಅಂತ ಒಂದ್ಸಲ ಅನುಭವಿಸಿದೀವಲ್ಲ!” ಎಂದ. ಅವನ ದನಿಯಲ್ಲಿ ಕುಹಕವೇನೂ ಇರಲಿಲ್ಲ. ಹೊಗಳುತ್ತಿದ್ದೇನೆಂದೇ ಅವನು ತಿಳಿದಿದ್ದ.

ಮೆಟ್ಟಿಲ ಮೇಲೆ ಕೂತು ಗಂಡನಿಗೆ ಫೋನ್ ಮಾಡಿದಳು. ಎಲ್ಲ ಕೇಳಿದ ಮೇಲೆ ಅವನು, “ಹಳೇದೇನೋ ಯಾರೋ ಕಟ್ಟಿದ್ದು. ಹೊಸದನ್ನ ನೀನೇ ಕಾಲಿಗೆ ಕಟ್ಕೊಂಡ್ಯಲ್ಲೇ,” ಎಂದ.

ಅವಳಿಗೆ ನಗು ಬಂತು. ನಗುತ್ತ ನಗುತ್ತಲೇ ಕಣ್ಣೊರೆಸಿಕೊಂಡಳು.

“ಊಟ ಆಯ್ತಾ?” ಎಂದು ಅವನು ಕೇಳಿದ.

“ಇಲ್ಲ, ಇನ್ನೂ,” ಎಂದಳು. ಅಷ್ಟರಲ್ಲಿ ಒಳಗಿನಿಂದ ಯಾರೋ ಬಿಲ್ಡಕ್ಕಾ ಎಂದು ಕೂಗಿದರು.