ಮಳೆರಾಯನ ಆರು ಸುತ್ತು

ನಗರದ ಕಸವೆಲ್ಲ ಬಂದು ಬೀಳುವ ಗುಡ್ಡದಲ್ಲಿ ಹತ್ತೊಂಬತ್ತು ವರ್ಷದಿಂದ ನೀರಿನ ಟ್ಯಾಂಕರ್ ಓಡಿಸುವ ಚಾಲಕನಿಗೆ ಅಲ್ಲಿನವರು ಇಟ್ಟ ಹೆಸರು ಮಳೆರಾಯ. ಲಾರಿಗಳು ಎಬ್ಬಿಸುವ ಧೂಳನ್ನು ಅಡಗಿಸುವುದು ಆತನ ಕೆಲಸ. ಟ್ಯಾಂಕರಿನ ಹಿಂದಿನ ಕೊಳವೆಯ ಸಣ್ಣ ತೂತುಗಳನ್ನು ದಿನಾ ಬೆಳಿಗ್ಗೆ ಸೂಜಿಯಿಂದ ಚುಚ್ಚಿ ಶುಚಿ ಮಾಡುತ್ತಿದ್ದ. ನೀರು ಮಂಜಿನಂತೆ ಹಾರಬೇಕು, ಹನಿ ಕಣ್ಣಿಗೆ ಕಾಣಬಾರದು ಎಂಬುದು ಆತನ ಹಟ.

ಹೆಂಡತಿ ಗುಡ್ಡದ ಬುಡದ ತಗಡಿನ ಶೆಡ್ಡಿನಲ್ಲಿ ಕಸ ಬೇರ್ಪಡಿಸುವ ಹನ್ನೆರಡು ಹೆಂಗಸರ ಮುಖ್ಯಸ್ಥೆ. ಬಾಯಿ ಜೋರು, ಕೈ ಅದಕ್ಕಿಂತ ಚುರುಕು. ಕಳೆದ ಬೇಸಿಗೆಯಲ್ಲಿ ಆಕೆಗೆ ಕೆಮ್ಮು ಹಿಡಿಯಿತು. ವೈದ್ಯೆ ಕ್ಷಯವಲ್ಲ ಎಂದು ಸಮಾಧಾನ ಹೇಳಿದರು. ಆದರೆ ಆರು ವಾರದಲ್ಲಿ ಊದುವ ಪರೀಕ್ಷೆಯಲ್ಲಿ ಉಸಿರು ಸುಧಾರಿಸದಿದ್ದರೆ ಶೆಡ್ಡಿನ ಕೆಲಸ ಬಿಡಲೇಬೇಕು ಎಂದರು. ಮನೆಯಲ್ಲಿ ಕೂತರೆ ಯಾರನ್ನು ಬಯ್ಯಲಿ ಎಂಬುದು ಆಕೆಯ ಚಿಂತೆ. ನನ್ನನ್ನೇ ಎಂಬುದು ಗಂಡನ ಚಿಂತೆ.

ಮಳೆರಾಯ ಕೈಕಟ್ಟಿ ಕೂರಲಿಲ್ಲ. ಶೆಡ್ಡಿನ ಮುಂದೆ ದಿನಕ್ಕೆ ಎರಡು ಸುತ್ತು ನೀರು ಹಾರಿಸುತ್ತಿದ್ದವನು ಆರು ಸುತ್ತು ಮಾಡಿದ. ನೀರಿಗೆ ದೂರ ಹೋಗಬೇಕಿರಲಿಲ್ಲ. ಕಸದಿಂದ ಸೋರಿದ ಕಪ್ಪು ನೀರು ನಿಲ್ಲುವ ಹೊಂಡ ಪಕ್ಕದಲ್ಲೇ ಇತ್ತು. ಹೇಗೂ ನೆಲಕ್ಕೆ ಹಾಕುವುದು ತಾನೇ ಎಂದು ಎಲ್ಲ ಟ್ಯಾಂಕರಿನವರೂ ಅಲ್ಲೇ ತುಂಬಿಸುತ್ತಿದ್ದರು. ಕೆಮ್ಮು ಕಡಿಮೆಯಾಗಲಿಲ್ಲ, ಹೆಚ್ಚಿತು.

ಎರಡನೆಯ ವಾರ ಗಾಳಿಯಲ್ಲಿರುವ ಬ್ಯಾಕ್ಟೀರಿಯಾ ಎಣಿಸಲು ಒಬ್ಬ ಸಂಶೋಧಕಿ ಬಂದರು. ಜೆಲ್ಲಿ ಹಚ್ಚಿದ ಚಪ್ಪಟೆ ಬಟ್ಟಲುಗಳನ್ನು ಗೇಟಿನಲ್ಲಿ, ಗುಡ್ಡದ ನೆತ್ತಿಯಲ್ಲಿ, ಶೆಡ್ಡಿನಲ್ಲಿ ದಿನಾ ಕಾಲು ಗಂಟೆ ತೆರೆದಿಟ್ಟರು. ಗಾಳಿಯಿಂದ ಬಿದ್ದ ಬ್ಯಾಕ್ಟೀರಿಯಾ ಎರಡು ದಿನದಲ್ಲಿ ಚುಕ್ಕೆಗಳಾಗಿ ಬೆಳೆಯುತ್ತದೆ. ಮುಂದಿನ ವಾರ ಫೋಟೊ ತಂದಾಗ ಎಲ್ಲರಿಗೂ ಅಚ್ಚರಿ: ಹೊಸ ಕಸ ಸುರಿಯುವ ನೆತ್ತಿಗಿಂತ ಶೆಡ್ಡಿನ ಬಟ್ಟಲುಗಳಲ್ಲೇ ಚುಕ್ಕೆ ಹೆಚ್ಚು. ಗುರುವಾರದ್ದು ಮಾತ್ರ ಬಹುತೇಕ ಖಾಲಿ. ಗುರುವಾರ ಇಲ್ಲಿ ಏನು ನಡೆಯಿತು ಎಂದು ಸಂಶೋಧಕಿ ಕೇಳಿದರು.

“ಟ್ಯಾಂಕರ್ ಕೆಟ್ಟು ನಿಂತಿತ್ತು,” ಎಂದಳು ಹೆಂಡತಿ. ಆಮೇಲೆ ನಿಧಾನವಾಗಿ ಗಂಡನ ಕಡೆ ತಿರುಗಿದಳು. “ಅಂದ್ರೆ ದಿನಕ್ಕೆ ಆರು ಸಲ ಕೆಮ್ಮು ತಂದು ಬಾಗಿಲಿಗೆ ಮುಟ್ಟಿಸ್ತಾ ಇದ್ದದ್ದು ನೀವೇನ್ರೀ?”

“ನಿನಗೆ ಧೂಳು ತಾಗದೆ ಇರ್ಲಿ ಅಂತ ಕಣೇ.”

“ಅಷ್ಟೊಂದು ಕಾಳಜಿ ಬೇಡ. ದಿನಕ್ಕೆ ಎರಡೇ ಸಲ ಸಾಕು.”

ಹೆಂಗಸರೆಲ್ಲ ಕಸ ಸಾಗಿಸುವ ಬೆಲ್ಟು ನಿಲ್ಲಿಸಿ ನಕ್ಕರು. ಸಂಶೋಧಕಿ ಮಾತ್ರ ಎಚ್ಚರಿಸಿದರು: ಒಂದು ಗುರುವಾರದಿಂದ ಕೆಮ್ಮಿನ ಕಾರಣ ಸಾಬೀತಾಗದು. ಆದರೂ ಹೊಂಡದ ನೀರಿನ ಮಂಜು ಗಾಳಿಯಲ್ಲೇ ಒಣಗಿ, ಅದರಲ್ಲಿದ್ದ ಬ್ಯಾಕ್ಟೀರಿಯಾ ತೇಲುತ್ತಾ ಉಸಿರಿನೊಂದಿಗೆ ಶ್ವಾಸಕೋಶದ ಆಳಕ್ಕೆ ಇಳಿಯಬಹುದು. ಧೂಳೂ ಅಷ್ಟೇ ಅಪಾಯ, ನೀರು ನಿಲ್ಲಿಸುವಂತಿಲ್ಲ. ನೀರು ಶುದ್ಧವಿರಲಿ, ಹನಿ ದಪ್ಪವಿರಲಿ, ಮಾಸ್ಕ್ ಗಲ್ಲದ ಮೇಲಲ್ಲ, ಮೂಗಿನ ಮೇಲಿರಲಿ.

ಅಂದು ಸಂಜೆಯೇ ಮಳೆರಾಯ ಡ್ರಿಲ್ ಹಿಡಿದು, ತಾನು ಅಷ್ಟು ಜತನ ಮಾಡಿದ್ದ ತೂತುಗಳನ್ನೆಲ್ಲ ದೊಡ್ಡದು ಮಾಡಿದ. ನೀರಿಗೆ ಆರು ಕಿಲೋಮೀಟರ್ ದೂರದ ನಲ್ಲಿಗೆ ಹೋಗತೊಡಗಿದ. ಮೊದಲು ಗೊಣಗಿದ ಉಳಿದ ಮೂವರು ಚಾಲಕರನ್ನು ಶೆಡ್ಡಿನ ಹೆಂಗಸರು ಮಾತಿನಲ್ಲೇ ದಾರಿಗೆ ತಂದರು.

ಆರನೆಯ ವಾರ ಹೆಂಡತಿ ವೈದ್ಯೆಯ ಬಳಿ ಪರೀಕ್ಷೆಯ ಕೊಳವೆಗೆ ಬಾಯಿಟ್ಟು ಊದಿದಳು. ವೈದ್ಯೆ ಹೇಳಿದ್ದ ಗೆರೆಯನ್ನು ಮುಳ್ಳು ದಾಟಿತು.

ಈಗ ಟ್ಯಾಂಕರ್ ಬಂದರೆ ಆಕೆ ಗಾಜಿನ ಲೋಟ ಹಿಡಿದು ಶೆಡ್ಡಿನಿಂದ ಹೊರಬರುತ್ತಾಳೆ. ಟ್ಯಾಂಕರಿನ ನೀರನ್ನು ಅದರಲ್ಲಿ ತುಂಬಿ, ಬೆಳಕಿಗೆ ಹಿಡಿದು ನೋಡಿ ಆಕೆ ಸರಿ ಎಂದು ತಲೆಯಾಡಿಸುವವರೆಗೆ ಗಂಡ ಸ್ಟಿಯರಿಂಗ್ ಹಿಡಿದು ಕಾಯುತ್ತಾನೆ.